ತವರ, ಸೀಸ ಮತ್ತು ಮನೆಯ ಬೆಸುಗೆ

(ಅಲ್ ರಯ್ಯಾನಿನಲ್ಲಿ ಕನ್ನಡ ಬಂಧುಗಳ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ವೈದ್ಯರನ್ನು ಉಪನ್ಯಾಸಕ್ಕೆ ಕರೆದರೆ ಸಕ್ಕರೆ ಕಾಯಿಲೆಯನ್ನೋ ರಕ್ತದೊತ್ತಡವನ್ನೋ ಕುರಿತು ಮಾತನಾಡುವರೆಂಬ ನಿರೀಕ್ಷೆ ಸಹಜವೇ. ನಾವು ಇಂದು ಎತ್ತಿಕೊಂಡಿರುವುದು ಬೆಸುಗೆಯ ತಂತಿಯ ವಿಷಯವನ್ನು. ಶುಕ್ರವಾರದ ರಜೆಯಲ್ಲಿ ಮಕ್ಕಳ ಆಟಿಕೆಯನ್ನೋ ಕೆಟ್ಟ ರೇಡಿಯೋವನ್ನೋ ಊಟದ ಮೇಜಿನ ಮೇಲೆಯೇ ಬಿಚ್ಚಿ ದುರಸ್ತಿ ಮಾಡುವ ಗೃಹಸ್ಥರು ನಮ್ಮ ನಡುವೆ ಹಲವರಿದ್ದಾರೆ. ಅವರು ಕೇಳುವ ಪ್ರಶ್ನೆ ಒಂದೇ: ಸೀಸ ಬೆರೆತ ಹಳೆಯ ತಂತಿಯೋ, ಸೀಸವಿಲ್ಲದ ಹೊಸದೋ? ಉತ್ತರಕ್ಕೆ ಮೊದಲು ತುಸು ಇತಿಹಾಸವನ್ನು ಅವಲೋಕಿಸೋಣ.

ನಮ್ಮ ಬಾಲ್ಯದಲ್ಲಿ ಬೀದಿಗೆ ಕಲಾಯಿಯವರು ಬರುತ್ತಿದ್ದರು. ನೆಲದಲ್ಲಿ ಗುಳಿ ತೋಡಿ, ಇದ್ದಿಲು ತುಂಬಿ, ತಿದಿಯೊತ್ತಿ, ಕಾದ ಹಿತ್ತಾಳೆಯ ಪಾತ್ರೆಗೆ ನವಸಾಗರವನ್ನು ಎರಚಿದೊಡನೆ ಬಿಳಿಯ ಹೊಗೆ ಏಳುತ್ತಿತ್ತು. ಬಳಿಕ ತವರವನ್ನು ತಾಗಿಸಿ ಅರಳೆಯಿಂದ ಸವರಿದರೆ ಪಾತ್ರೆಯ ಒಳಮೈ ಬೆಳ್ಳಿಯಂತೆ ಹೊಳೆಯುತ್ತಿತ್ತು. ಹುಳಿ, ಮಜ್ಜಿಗೆಗಳು ತಾಮ್ರ–ಹಿತ್ತಾಳೆಗಳನ್ನು ತಾಗಿ ಕಿಲುಬೇಳದಿರಲೆಂಬುದೇ ಇದರ ಉದ್ದೇಶ. ನಮ್ಮ ಅಜ್ಜಿ ಮಾತ್ರ ತಪ್ಪದೆ, “ತವರ ಅಪ್ಪಟ ತಾನೆ? ಸೀಸ ಬೆರೆಸಿಲ್ಲವಷ್ಟೆ?” ಎಂದು ವಿಚಾರಿಸುತ್ತಿದ್ದರು.

ಆ ಸಂಶಯಕ್ಕೆ ಆಧಾರವಿತ್ತು. ಸೀಸವು ತವರಕ್ಕಿಂತ ಹಲವು ಪಟ್ಟು ಅಗ್ಗ. ಎರಡೂ ಮೆತ್ತನೆಯವು, ಎರಡೂ ಬೇಗ ಕರಗುವಂಥವು. ನಮ್ಮ ರಸಶಾಸ್ತ್ರಕಾರರು ಸೀಸವನ್ನು ನಾಗವೆಂದೂ ತವರವನ್ನು ವಂಗವೆಂದೂ ಕರೆದು, ಎರಡನ್ನೂ ಪೂತಿಲೋಹಗಳೆಂಬ ಒಂದೇ ವರ್ಗದಲ್ಲಿರಿಸಿದರು. ಅಪ್ಪಟ ತವರ 232 ಡಿಗ್ರಿ ಸೆಲ್ಸಿಯಸ್‌ನಲ್ಲಿಯೂ ಸೀಸ 327 ಡಿಗ್ರಿಯಲ್ಲಿಯೂ ಕರಗುತ್ತವೆ. ಆದರೆ 63 ಪಾಲು ತವರಕ್ಕೆ 37 ಪಾಲು ಸೀಸ ಕೂಡಿದರೆ ಆ ಮಿಶ್ರಣ 183 ಡಿಗ್ರಿಗೇ ಕರಗಿ ನೀರಿನಂತೆ ಹರಿಯುತ್ತದೆ. ಬೆಸುಗೆಯ ಕೆಲಸಕ್ಕೆ ಸೀಸ ಇಷ್ಟು ಪ್ರಿಯವಾದದ್ದು ಈ ಗುಣದಿಂದ.

ಬೆಂಗಳೂರಿನಲ್ಲಿ 1948ರಲ್ಲಿ ಐಟಿಐ, 1954ರಲ್ಲಿ ಬಿಇಎಲ್ ಸ್ಥಾಪನೆಯಾದ ಮೇಲೆ ಬೆಸುಗೆಯ ವಿದ್ಯೆ ನಗರದ ಮಧ್ಯಮವರ್ಗದ ಮನೆಗಳನ್ನೂ ಹೊಕ್ಕಿತು. ಸಾದರ ಪತ್ರಪ್ಪ ರಸ್ತೆಯ ಅಂಗಡಿಗಳಲ್ಲಿ ತಂತಿಯ ಸುರುಳಿ ಸುಲಭವಾಗಿ ದೊರೆಯುತ್ತಿತ್ತು. ವೈದ್ಯವಿದ್ಯಾರ್ಥಿಯಾಗಿದ್ದ ನಾವೂ ಟ್ರಾನ್ಸಿಸ್ಟರ್ ರಿಪೇರಿ ಮಾಡುವಾಗ, ಎರಡು ಕೈಗಳೂ ಸಾಲದೆ, ಆ ತಂತಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಿದ್ದೆವೆಂಬುದನ್ನು ಈಗ ಸಂಕೋಚದಿಂದಲೇ ಒಪ್ಪಿಕೊಳ್ಳಬೇಕು. ಪುಸ್ತಕದಲ್ಲಿ ಸೀಸದ ವಿಷದ ಲಕ್ಷಣಗಳನ್ನು ಕಂಠಪಾಠ ಮಾಡಿದ್ದ ಬಾಯಿ ಅದು!

ವಿದೇಶದಲ್ಲಿ ರೆಸಿಡೆನ್ಸಿಯಲ್ಲಿದ್ದಾಗ ನಮಗೆ ಕಲಿಸಿದ ಎಚ್ಚರಿಕೆಯ ಗೆರೆ, ಒಂದು ಡೆಸಿಲೀಟರ್ ರಕ್ತಕ್ಕೆ 10 ಮೈಕ್ರೊಗ್ರಾಂ ಸೀಸ. ಅಮೆರಿಕದಲ್ಲಿ 1960ರ ದಶಕದಲ್ಲಿ 60 ಇದ್ದ ಈ ಗೆರೆ 1985ರಲ್ಲಿ 25ಕ್ಕೂ, 1991ರಲ್ಲಿ 10ಕ್ಕೂ, 2012ರಲ್ಲಿ 5ಕ್ಕೂ, 2021ರಲ್ಲಿ 3.5ಕ್ಕೂ ಇಳಿಯಿತು. ಮಕ್ಕಳಿಗೆ ಹಾನಿಯಿಲ್ಲದ ಪ್ರಮಾಣವೆಂಬುದು ಇದುವರೆಗೆ ಕಂಡುಬಂದಿಲ್ಲ. 1999ರಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಷನ್, ಸೇಂಟ್ ಜಾನ್ಸ್ ವೈದ್ಯಕೀಯ ಮಹಾವಿದ್ಯಾಲಯದ ಡಾ. ತುಪ್ಪಿಲ್ ವೆಂಕಟೇಶ್ ಅವರೊಡಗೂಡಿ ಭಾರತದ ನಗರಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ, 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆ 10ರ ಗೆರೆಯನ್ನು ದಾಟಿದ್ದರು. ಅಂದು ದೊಡ್ಡ ಅಪರಾಧಿ ಪೆಟ್ರೋಲಿನ ಸೀಸ. 2000ದಲ್ಲಿ ದೇಶದಾದ್ಯಂತ ಅದು ನಿಂತಿತು. ಬೀದಿಯ ಸೀಸವನ್ನು ಸರಕಾರ ತಡೆಯಬಲ್ಲದು. ಊಟದ ಮೇಜಿನ ಸೀಸವನ್ನು ಮನೆಯವರೇ ತಡೆಯಬೇಕು.

ಇನ್ನು ಉತ್ತರ. ನೀರಿನ ಕೊಳಾಯಿ, ಸೋರುವ ಬಿಂದಿಗೆ, ಅಡುಗೆಯ ಪಾತ್ರೆ, ಮಗು ಬಾಯಿಗಿಡುವ ಆಟಿಕೆ—ಇವುಗಳಿಗೆ ಸೀಸದ ಬೆಸುಗೆ ಸರ್ವಥಾ ಕೂಡದು. ಕುಡಿಯುವ ನೀರಿನ ಕೊಳವೆಗಳಲ್ಲಿ ಅದನ್ನು ಅಮೆರಿಕ 1986ರಲ್ಲಿಯೇ ನಿಷೇಧಿಸಿತು. ಎಲೆಕ್ಟ್ರಾನಿಕ್ ಉಪಕರಣಗಳಲ್ಲಿ ಯುರೋಪು 2006ರ ಜುಲೈನಿಂದ ಸೀಸಕ್ಕೆ ಮಿತಿ ಹಾಕಿತು. ಭಾರತದ 2011ರ ಇ-ತ್ಯಾಜ್ಯ ನಿಯಮಗಳು ಅದೇ ದಾರಿ ಹಿಡಿದವು. ಸೀಸರಹಿತ ತಂತಿ ಸುಮಾರು 217ರಿಂದ 227 ಡಿಗ್ರಿಯಲ್ಲಿ ಕರಗುವುದರಿಂದ ಕಾವು ಹೆಚ್ಚು ಬೇಕು, ಕೈ ಪಳಗಬೇಕು; ಬೆಸೆದ ಜಾಗ ಮಂಕಾಗಿ ಕಂಡರೂ ಅದು ದೋಷವಲ್ಲ.

ಹಳೆಯ ರೇಡಿಯೋಗೆ ಹಳೆಯ ತಂತಿಯನ್ನೇ ಬಳಸುವವರಿಗೆ ಒಂದು ಮಾತು. ಬೆಸುಗೆಯ ಕಾವಿನಲ್ಲಿ ಸೀಸ ಆವಿಯಾಗುವುದು ಅತ್ಯಲ್ಪ. ಮೂಗಿಗೆ ಬಡಿಯುವ ಹೊಗೆ ರಾಳದ್ದು. ಅದು ಉಬ್ಬಸ ತರಬಲ್ಲದು, ಸೀಸರಹಿತ ತಂತಿಯಲ್ಲಿಯೂ ಅದು ಇದ್ದೇ ಇದೆ. ಆದುದರಿಂದ ಕಿಟಕಿ ತೆರೆದಿರಲಿ. ಸೀಸ ದೇಹವನ್ನು ಸೇರುವುದು ಮುಖ್ಯವಾಗಿ ಬೆರಳು ಮತ್ತು ಧೂಳಿನ ಮೂಲಕ. ವಯಸ್ಕರು ನುಂಗಿದ ಸೀಸದ ಹತ್ತರಲ್ಲೊಂದು ಪಾಲನ್ನು ಹೀರಿಕೊಂಡರೆ, ಎಳೆಯ ಮಕ್ಕಳು ಅರ್ಧದಷ್ಟನ್ನು ಹೀರಿಕೊಳ್ಳಬಲ್ಲರು. ಕೆಲಸಕ್ಕೆ ಬೇರೆ ಹಲಗೆ ಇರಲಿ. ಮುಗಿದೊಡನೆ ಒದ್ದೆ ಬಟ್ಟೆಯಿಂದ ಒರೆಸಿ, ಸಾಬೂನಿನಿಂದ ಕೈ ತೊಳೆದ ಬಳಿಕವೇ ಮಗುವನ್ನು ಎತ್ತಿಕೊಳ್ಳಿ.

ಶಾಲೆಯ ಮೆಟ್ಟಿಲು ಹತ್ತದ ನಮ್ಮ ಅಜ್ಜಿ ಕಲಾಯಿಯವರಿಗೆ ಕೇಳುತ್ತಿದ್ದ ಪ್ರಶ್ನೆಯನ್ನು, ಇಲ್ಲಿ ದುರಸ್ತಿಯ ಸಾಮಾನು ಕೊಳ್ಳುವಾಗ ತಾವೂ ಕೇಳಬೇಕೆಂದು ವಿನಂತಿಸಿ ವಿರಮಿಸುತ್ತೇವೆ.