ನಿಜವಾದ ಧರ್ಮ: ಮಹಾ ಬರಗಾಲದ ಪಾಠ

ಶತಮಾನೋತ್ಸವವು ಹಿರಿಯರನ್ನು ಸ್ಮರಿಸುವ ಪುಣ್ಯಕಾಲ. ಸ್ಮರಣೆಯು ಬರಿಯ ಸ್ತುತಿಯಾಗದೆ ಸತ್ಯವೂ ಆಗಿರಬೇಕೆಂಬುದು ನಮ್ಮ ಬಯಕೆ. ಆದುದರಿಂದ ನಮ್ಮ ಜನರ ಕಿವಿಗೆ ಆಗಾಗ ಬೀಳುವ ಒಂದು ಕಟುವಾದ ಪ್ರಶ್ನೆಯನ್ನೇ ಇಲ್ಲಿ ಎತ್ತಿಕೊಳ್ಳುತ್ತೇವೆ: “ನಿಮ್ಮವರು ಗಂಜಿಗಾಗಿ ಮತಕ್ಕೆ ಸೇರಿದವರಲ್ಲವೇ?”

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳು ಮಳೆಯನ್ನೂ ಕೆರೆಯನ್ನೂ ನಂಬಿ ಬಾಳಿದ ನಾಡು. 1875 ಮತ್ತು 1876ರಲ್ಲಿ ಮಳೆ ಕೈಕೊಟ್ಟಿತು. 1878ರವರೆಗೂ ಮೈಸೂರು ಸೀಮೆಯನ್ನು ಮಹಾ ಬರಗಾಲವು ಕಾಡಿತು. 1871ರ ಜನಗಣತಿಯಲ್ಲಿ 50 ಲಕ್ಷಕ್ಕೆ ಮೀರಿದ್ದ ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ತೀವ್ರವಾಗಿ ನೊಂದ ಜಿಲ್ಲೆಗಳಲ್ಲಿ ಕೋಲಾರವೂ ಒಂದು.

ಆ ದಿನಗಳಲ್ಲಿ ಕೋಲಾರದಲ್ಲಿ ಕುಮಾರಿ ಆನ್‌ಸ್ಟಿ ಎಂಬ ಪ್ರೊಟೆಸ್ಟೆಂಟ್ ಮಹಿಳೆಯು ಅನಾಥ ಮಕ್ಕಳಿಗೆ ಆಶ್ರಯವಿತ್ತರು. 1890ರಲ್ಲಿ ಆ ಕಾರ್ಯವು ಮೆಥೊಡಿಸ್ಟ್ ಮಿಷನ್ನಿಗೆ ಸೇರಿತು. ನಮ್ಮ ಕಥೋಲಿಕ ಗುರುಗಳೂ ನೆಲೆ ತಪ್ಪಿದವರಿಗಾಗಿ ಬೆಂಗಳೂರಿನ ಸಮೀಪ ಸಿಲ್ವೆಪುರದಂತಹ ಊರುಗಳನ್ನು ಕಟ್ಟಿದರು. ಅನೇಕರಿಗೆ ಅನ್ನವೂ ಸ್ನಾನದೀಕ್ಷೆಯೂ ಒಂದೇ ಬಾಗಿಲಲ್ಲಿ ದೊರೆತವು. ಇದನ್ನು ಮರೆಮಾಚಬೇಕಾದುದಿಲ್ಲ. 1799ರಿಂದ ಮೈಸೂರು ಸೀಮೆಯಲ್ಲಿ ದುಡಿದ ಅಬ್ಬೆ ದ್ಯುಬುವಾ ಸ್ವಾಮಿಗಳು, ಹೆಸರಿಗೆ ಕ್ರೈಸ್ತರಾದವರಲ್ಲಿ ಮನಃಪೂರ್ವಕವಾಗಿ ನಂಬಿದವರು ವಿರಳವೆಂದು 1823ರಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದರು.

ಹಾಗಾದರೆ ನಿಜವಾದ ಧರ್ಮ ಯಾವುದು? ಅನಾಥರನ್ನೂ ವಿಧವೆಯರನ್ನೂ ಅವರ ಸಂಕಟದಲ್ಲಿ ಪರಾಮರಿಸುವುದೇ ಶುದ್ಧವಾದ ಧರ್ಮವೆಂದು ಸಂತ ಯಕೋಬರು ಬೋಧಿಸುತ್ತಾರೆ. ಹಸಿದವನ ಮತ ಯಾವುದೆಂದು ಮೊದಲು ವಿಚಾರಿಸಬೇಕೆಂದು ಅವರು ಹೇಳಲಿಲ್ಲ. ಗಂಜಿಗೆ ನಂಬಿಕೆಯನ್ನು ಬೆಲೆಯಾಗಿ ಕೇಳಿದ್ದರೆ ದೋಷವು ಕೇಳಿದವರದು, ಕೈಯೊಡ್ಡಿದವರದಲ್ಲ. ರೊಟ್ಟಿ ತಿಂದು ತೃಪ್ತರಾದುದರಿಂದಲೇ ತಮ್ಮನ್ನು ಹುಡುಕಿಕೊಂಡು ಬಂದಿರೆಂದು ಪ್ರಭು ಯೇಸುವೇ ಜನರಿಗೆ ಹೇಳಿದರು. ಅವರ ಬೋಧನೆ ಕಠಿಣವಾದಾಗ ಬಹುಮಂದಿ ಹೊರಟುಹೋದರು. ಪ್ರಭುವು ಯಾರನ್ನೂ ತಡೆಯಲಿಲ್ಲ. ಕೊಟ್ಟ ರೊಟ್ಟಿಯ ಲೆಕ್ಕವನ್ನೂ ಕೇಳಲಿಲ್ಲ.

ಇದೇ ಸತ್ಯವನ್ನು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಸ್ಪಷ್ಟಪಡಿಸಿತು: ನಂಬಿಕೆಯ ವಿಷಯದಲ್ಲಿ ಯಾರನ್ನೂ ಬಲಾತ್ಕರಿಸಲಾಗದು, ಅನ್ಯ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದುದನ್ನು ಧರ್ಮಸಭೆಯು ತಿರಸ್ಕರಿಸದು. ಭಕ್ತಿಯನ್ನು ಜನರ ಕನ್ನಡದಲ್ಲಿ ಹಾಡಿದ ಶ್ರೀಪಾದರಾಜರ ಮುಳಬಾಗಿಲಿನ ನೆರೆಯಲ್ಲಿ ಬಾಳುವ ನಮಗೆ ಈ ಮಾತು ಪರಕೀಯವಲ್ಲ.

ಬರ ತೀರಿತು, ಗಂಜಿಕೇಂದ್ರಗಳು ಮುಚ್ಚಿದವು. ಆಮೇಲೂ ಪ್ರಾರ್ಥನೆಯನ್ನು ಬಿಡದೆ ಉಳಿದವರ ನಂಬಿಕೆಗೆ ಗಂಜಿಯ ಹೆಸರಿಡುವುದು ನ್ಯಾಯವಲ್ಲ. ಮೊದಲ ದಿನ ಏನನ್ನು ಬಯಸಿ ಬಂದರೆಂಬುದಕ್ಕಿಂತ, ಏನೂ ದೊರೆಯದ ದಿನವೂ ಏಕೆ ಉಳಿದರೆಂಬುದೇ ನಂಬಿಕೆಯ ಒರೆಗಲ್ಲು.

ಪ್ರಿಯ ಭಕ್ತಾದಿಗಳೇ, ಆ ಒರೆಗಲ್ಲು ಈಗ ನಮ್ಮ ಮುಂದಿದೆ. ನಮ್ಮ ತಕ್ಕಡಿಯನ್ನು, ನಮ್ಮ ಸಾಕ್ಷ್ಯವನ್ನು, ನಾವು ಕೊಟ್ಟ ಮಾತನ್ನು ನೆರೆಯವನು ಅಂಜದೆ ನಂಬಬಹುದೇ? ಅವರು ಹಸಿವಿನಿಂದ ಬಂದರು. ಹೊಟ್ಟೆ ತುಂಬಿದ ನಾವು ಯಾತಕ್ಕಾಗಿ ಬರುತ್ತಿದ್ದೇವೆ? ಇದಕ್ಕೆ ಸತ್ಯವಾದ ಉತ್ತರ ಕೊಡುವ ಧೈರ್ಯವನ್ನು ದೇವರು ನಮಗೆಲ್ಲರಿಗೂ ಅನುಗ್ರಹಿಸಲಿ.