ವೆಂಟಿಲೇಟರ್ ರೋಗಿಗಳ ಸಂವಹನ ಸಾಧನಗಳು

ವೆಂಟಿಲೇಟರ್ ರೋಗಿಗಳ ಸಂವಹನ ಸಾಧನಗಳು ಎಂದರೆ ತೀವ್ರ ನಿಗಾ ಘಟಕದಲ್ಲಿ ಕೃತಕ ಉಸಿರಾಟದಲ್ಲಿದ್ದು ಮಾತನಾಡಲಾಗದ ರೋಗಿಗಳು ತಮ್ಮ ಅಗತ್ಯ, ನೋವು ಮತ್ತು ಭಯವನ್ನು ತಿಳಿಸಲು ಬಳಸುವ ಚಿತ್ರಫಲಕ, ಅಕ್ಷರಫಲಕ, ಬರೆಯುವ ಹಲಗೆ, ಸನ್ನೆ ಹಾಗೂ ವಿದ್ಯುನ್ಮಾನ ಉಪಕರಣಗಳು.

ಹಿನ್ನೆಲೆ

ಬಾಯಿಯ ಮೂಲಕ ಅಳವಡಿಸುವ ನಳಿಕೆಯು ಧ್ವನಿತಂತುಗಳ ನಡುವೆ ಹಾದು ಶ್ವಾಸನಾಳವನ್ನು ಸೇರುತ್ತದೆ. ಅದರ ಸುತ್ತಲಿನ ಗಾಳಿ ತುಂಬಿದ ಪುಗ್ಗೆಯು ಉಸಿರು ಧ್ವನಿತಂತುಗಳತ್ತ ಸಾಗದಂತೆ ತಡೆಯುವುದರಿಂದ ಧ್ವನಿ ಹೊರಡುವುದಿಲ್ಲ. ನಿದ್ರಾಜನಕ ಔಷಧಿಯ ಪ್ರಮಾಣ ಕಡಿಮೆಯಾದಾಗ ಎಚ್ಚರಗೊಳ್ಳುವ ರೋಗಿಯು ಎಲ್ಲವನ್ನೂ ಕೇಳಬಲ್ಲನಾದರೂ ಉತ್ತರಿಸಲಾರನು. ಇದರಿಂದ ಆತಂಕ, ಹತಾಶೆ ಮತ್ತು ನಿದ್ರಾಹೀನತೆ ಹೆಚ್ಚುತ್ತವೆ. ಗ್ರಾಮೀಣ ಕರ್ನಾಟಕದಲ್ಲಿ ಕಂಡುಬರುವ ಕಟ್ಟುಹಾವು ಮತ್ತು ನಾಗರಹಾವಿನ ಕಡಿತದಲ್ಲಿ ಈ ಸ್ಥಿತಿ ತೀವ್ರವಾಗಿರಬಹುದು: ನರವಿಷದಿಂದ ರೆಪ್ಪೆಯನ್ನೂ ತೆರೆಯಲಾಗದ ರೋಗಿಯು ಪೂರ್ಣ ಪ್ರಜ್ಞೆಯಲ್ಲಿರಬಹುದು. ಆದುದರಿಂದ ಅಂಥವರೊಡನೆ ಮಾತನಾಡುತ್ತಲೇ ಆರೈಕೆ ಮಾಡುವುದು ಅವಶ್ಯಕ.

ವಿಧಗಳು

* ಹೌದು–ಇಲ್ಲ ಸಂಕೇತ: ಒಮ್ಮೆ ಕೈ ಒತ್ತಿದರೆ ಹೌದು, ಎರಡು ಬಾರಿ ಒತ್ತಿದರೆ ಇಲ್ಲ ಎಂಬಂತೆ ಮೊದಲೇ ನಿಗದಿಪಡಿಸಲಾಗುತ್ತದೆ. ಕನ್ನಡಿಗರಲ್ಲಿ ಸಮ್ಮತಿಗೂ ತಲೆಯನ್ನು ಪಕ್ಕಕ್ಕೆ ಅಲುಗಿಸುವ ರೂಢಿಯಿರುವುದರಿಂದ ತಲೆಯ ಚಲನೆಯೊಂದನ್ನೇ ನಂಬುವುದು ತಪ್ಪುಗ್ರಹಿಕೆಗೆ ಎಡೆಮಾಡಬಹುದು.
* ಚಿತ್ರಫಲಕ: ನೋವು, ಬಾಯಾರಿಕೆ, ಕಫ, ಮಗ್ಗುಲು ಬದಲಿಸುವುದು, ಮನೆಯವರನ್ನು ಕರೆಯುವುದು ಮೊದಲಾದ ಚಿತ್ರಗಳಿರುತ್ತವೆ. ಅನಕ್ಷರಸ್ಥರಿಗೂ ಉಪಯುಕ್ತ.
* ಅಕ್ಷರಫಲಕ: ಕನ್ನಡ ವರ್ಣಮಾಲೆಯ 49 ಅಕ್ಷರಗಳನ್ನು ಸಾಲುಗಳಾಗಿ ಜೋಡಿಸಿ, ಮೊದಲು ಸಾಲನ್ನೂ ಬಳಿಕ ಅಕ್ಷರವನ್ನೂ ಗುರುತಿಸಲಾಗುತ್ತದೆ. ಕಾಗುಣಿತ ಮತ್ತು ಒತ್ತಕ್ಷರಗಳನ್ನು ಬಿಟ್ಟು ಮೂಲಾಕ್ಷರಗಳಿಂದಲೇ ಪದವನ್ನು ಊಹಿಸಿದರೆ ರೋಗಿಯ ಶ್ರಮ ಕಡಿಮೆಯಾಗುತ್ತದೆ.
* ಮಾತಿನ ಕವಾಟ: ಕುತ್ತಿಗೆಯಲ್ಲಿ ರಂಧ್ರ ಮಾಡಿ ನಳಿಕೆ ಅಳವಡಿಸಿದ ಕೆಲವರಿಗೆ, ಪುಗ್ಗೆಯ ಗಾಳಿಯನ್ನು ಸಂಪೂರ್ಣ ತೆಗೆದ ನಂತರವೇ, ತಜ್ಞರು ಜೋಡಿಸುತ್ತಾರೆ.

ರಾಮನಗರ ಪ್ರದೇಶದಲ್ಲಿ

2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟ ರಾಮನಗರ ಜಿಲ್ಲೆಯು ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳನ್ನು ಒಳಗೊಂಡಿತ್ತು. 2025ರಲ್ಲಿ ಇದನ್ನು ಬೆಂಗಳೂರು ದಕ್ಷಿಣ ಎಂದು ಮರುನಾಮಕರಣ ಮಾಡಲಾಯಿತು. ಇಲ್ಲಿ ಕನ್ನಡ ಪ್ರಧಾನ ಭಾಷೆ. ರಾಮನಗರ ಮತ್ತು ಚನ್ನಪಟ್ಟಣ ಪಟ್ಟಣಗಳಲ್ಲಿ ಉರ್ದು ಭಾಷಿಕರೂ ಗಣನೀಯವಾಗಿದ್ದಾರೆ. ಆದ್ದರಿಂದ ಚಿತ್ರದ ಕೆಳಗೆ ಎರಡೂ ಭಾಷೆಗಳ ಪದಗಳಿರುವ ಫಲಕ ಇಲ್ಲಿಗೆ ಹೊಂದುತ್ತದೆ. ಹೆಚ್ಚಿನ ಚಿಕಿತ್ಸೆಗಾಗಿ ಬೆಂಗಳೂರಿಗೆ ಸಾಗಿಸಲಾದ ರೋಗಿಯೊಂದಿಗೆ ಅವರ ಭಾಷೆ, ಕನ್ನಡಕ, ಶ್ರವಣಸಾಧನ ಹಾಗೂ ಒಪ್ಪಿದ ಸಂಕೇತಗಳ ವಿವರವನ್ನು ಕಳುಹಿಸುವುದು ಸಹಕಾರಿ. ವಾಕ್ ಚಿಕಿತ್ಸಾ ತಜ್ಞರ ತರಬೇತಿಯನ್ನು 1965ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ನೀಡುತ್ತದೆ.

ಪರಿಣಾಮ ಮತ್ತು ಮಿತಿಗಳು

ಹಲವು ದೇಶಗಳ ಅಧ್ಯಯನಗಳಲ್ಲಿ ಫಲಕಗಳ ಬಳಕೆಯಿಂದ ರೋಗಿಗಳ ಆತಂಕ ಮತ್ತು ಹತಾಶೆ ತಗ್ಗಿದ್ದು ಕಂಡುಬಂದಿದೆ. ಆದರೆ ಅವುಗಳಲ್ಲಿ ಅನೇಕವು ಸಣ್ಣ ಪ್ರಮಾಣದವು. ಸನ್ನಿ, ಸ್ನಾಯುಗಳ ದುರ್ಬಲತೆ ಮತ್ತು ದೃಷ್ಟಿದೋಷ ಬಳಕೆಗೆ ಅಡ್ಡಿಯಾಗುತ್ತವೆ. ಒಮ್ಮೆಗೆ ಒಂದೇ ಪ್ರಶ್ನೆ ಕೇಳಿ, ಉತ್ತರಕ್ಕೆ ಸಮಯ ಕೊಟ್ಟು, ಅರ್ಥವಾದದ್ದನ್ನು ರೋಗಿಗೆ ಮರಳಿ ಹೇಳಿ ಖಚಿತಪಡಿಸಿಕೊಳ್ಳಬೇಕು.