ದೊಡ್ಡವರಿಗೂ ಮದ್ದು ಸಿಕ್ಕಿದ್ದು 2011ರಲ್ಲಿ

ಬೀಗದ ಕೈ ಎಲ್ಲಿಟ್ಟೆ ಎಂದು ದಿನವೂ ಹುಡುಕುವವರು, ಹತ್ತು ಕೆಲಸ ಹಿಡಿದು ಒಂದನ್ನೂ ಮುಗಿಸದವರು, ಸೂಪರ್‌ವೈಸರ್ ಹೇಳಿದ್ದನ್ನು ಅರ್ಧ ಕೇಳಿ ಬೈಸಿಕೊಳ್ಳುವವರು ನಮ್ಮ ನಡುವೆ ಇದ್ದಾರೆ. ಅವರನ್ನು ನಾವು ಸೋಮಾರಿ, ಮರೆಗುಳಿ, ಬೇಜವಾಬ್ದಾರಿ ಎನ್ನುತ್ತೇವೆ. ಹಾಗಿರುವವರಿಗೆಲ್ಲ ಕಾಯಿಲೆ ಎಂದಲ್ಲ. ಆದರೆ ಚಿಕ್ಕಂದಿನಿಂದಲೂ ಹೀಗೇ ಇದ್ದು, ಅದರಿಂದ ಕೆಲಸವೂ ಸಂಸಾರವೂ ಕೆಡುತ್ತಿದ್ದರೆ ಅದು ಎಡಿಎಚ್‌ಡಿ ಇರಬಹುದು. ಅಂದರೆ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ. ಇದು ದೊಡ್ಡವರಲ್ಲೂ ಇರುತ್ತದೆ ಎಂದು ಒಪ್ಪಲು ವೈದ್ಯಲೋಕಕ್ಕೇ ಬಹಳ ಕಾಲ ಹಿಡಿಯಿತು. ಜರ್ಮನಿಯ ಚರಿತ್ರೆ ನೋಡಿದರೆ ಇದು ತಿಳಿಯುತ್ತದೆ.

ಗಮನ ನಿಲ್ಲದವರ ಬಗ್ಗೆ ಜರ್ಮನ್ ವೈದ್ಯ ಮೆಲ್ಖಿಯೋರ್ ಆಡಂ ವೈಕಾರ್ಡ್ 1775ರಲ್ಲೇ ಬರೆದಿದ್ದರು. 1840ರ ದಶಕದಲ್ಲಿ ಫ್ರಾಂಕ್‌ಫರ್ಟ್‌ನ ವೈದ್ಯ ಹೈನ್ರಿಕ್ ಹಾಫ್‌ಮನ್ ತಮ್ಮ ಮಕ್ಕಳ ಪುಸ್ತಕದಲ್ಲಿ ಊಟದ ಮೇಜಿನ ಮುಂದೆ ಸುಮ್ಮನೆ ಕೂರಲಾರದ ಫಿಲಿಪ್ ಎಂಬ ಹುಡುಗನನ್ನು ಚಿತ್ರಿಸಿದರು. 1932ರಲ್ಲಿ ಬರ್ಲಿನ್‌ನ ಶಾರಿಟೆ ಆಸ್ಪತ್ರೆಯ ಫ್ರಾಂಜ್ ಕ್ರಾಮರ್ ಮತ್ತು ಹಾನ್ಸ್ ಪೊಲ್ನೋ ಇಂಥ ಮಕ್ಕಳ ಲಕ್ಷಣಗಳನ್ನು ವಿವರವಾಗಿ ಬರೆದರು. ಮರುವರ್ಷ ನಾಜಿಗಳು ಅಧಿಕಾರಕ್ಕೆ ಬಂದರು. ಯಹೂದಿ ಮೂಲದ ಇಬ್ಬರೂ ಸ್ಥಾನ ಕಳೆದುಕೊಂಡರು. ಪೊಲ್ನೋ 1943ರಲ್ಲಿ ಮೌಟ್‌ಹೌಸೆನ್ ಶಿಬಿರದಲ್ಲಿ ಸತ್ತರು.

ಮದ್ದು ಬಂದದ್ದು ಪಕ್ಕದ ಸ್ವಿಟ್ಜರ್ಲೆಂಡ್‌ನಿಂದ. ಬಾಸೆಲ್‌ನ ಸೀಬಾ ಕಂಪನಿಯ ಲಿಯಾಂಡ್ರೋ ಪನಿಜೋನ್ 1944ರಲ್ಲಿ ಮೀಥೈಲ್‌ಫೆನಿಡೇಟ್ ತಯಾರಿಸಿದರು. ಹೆಂಡತಿ ರೀಟಾಳ ಹೆಸರಿನಿಂದ ಅದು ರಿಟಾಲಿನ್ ಆಗಿ 1954ರಲ್ಲಿ ಮಾರುಕಟ್ಟೆಗೆ ಬಂತು. ಮುಂದೆ ಮಕ್ಕಳ ಚಿಕಿತ್ಸೆಯಲ್ಲಿ ಅದು ನೆಲೆನಿಂತಿತು. ದೊಡ್ಡವರಾದ ಮೇಲೆ ತಾನೇ ಸರಿಹೋಗುತ್ತದೆ ಎಂಬ ನಂಬಿಕೆ ಮಾತ್ರ ಗಟ್ಟಿಯಾಗಿತ್ತು.

ಡ್ಯೂಸೆಲ್ಡಾರ್ಫ್‌ನ ಗ್ರಾಫೆನ್‌ಬರ್ಗ್‌ನಲ್ಲಿ 1876ರಿಂದ ಮಾನಸಿಕ ಆಸ್ಪತ್ರೆಯಿದೆ. ಆದರೂ ಈ ತೊಂದರೆಯಿರುವ ದೊಡ್ಡವರಿಗೆಂದು ಜರ್ಮನಿಯಲ್ಲಿ ಮೀಥೈಲ್‌ಫೆನಿಡೇಟ್‌ಗೆ ಅಧಿಕೃತ ಅನುಮತಿ ದೊರೆತದ್ದು 2011ರಲ್ಲಿ, ಮೆಡಿಕಿನೆಟ್ ಅಡಲ್ಟ್ ಎಂಬ ಹೆಸರಿನ ಔಷಧಕ್ಕೆ. ಅದನ್ನು ತಯಾರಿಸುವ ಮೆಡಿಸೆ ಕಂಪನಿ ಇರುವುದು ಡ್ಯೂಸೆಲ್ಡಾರ್ಫ್ ರಾಜಧಾನಿಯಾಗಿರುವ ರಾಜ್ಯದ ಇಸರ್ಲೋನ್ ಪಟ್ಟಣದಲ್ಲಿ. ರಿಟಾಲಿನ್ ಬಂದು ಆಗಲೇ 57 ವರ್ಷವಾಗಿತ್ತು. ಕೊರತೆ ಮದ್ದಿನದಾಗಿರಲಿಲ್ಲ, ನಂಬಿಕೆಯದಾಗಿತ್ತು.

ಅಲ್ಲಿಯೂ ಗುಳಿಗೆ ಸುಲಭವಾಗಿ ಸಿಗುವುದಿಲ್ಲ. ತೊಂದರೆ ಬಾಲ್ಯದಿಂದ ಇತ್ತೆಂದು ಮನೋವೈದ್ಯರಿಗೆ ಖಚಿತವಾಗಬೇಕು. ಅದಕ್ಕಾಗಿ ಪ್ರಾಥಮಿಕ ಶಾಲೆಯ ವರದಿಗಳನ್ನೂ ಕೇಳುತ್ತಾರೆ. ರಕ್ತದೊತ್ತಡ, ಹೃದಯ ಬಡಿತ ನೋಡುತ್ತಾರೆ. ನಿಯಂತ್ರಿತ ಔಷಧಕ್ಕೆಂದೇ ಇರುವ ವಿಶೇಷ ಚೀಟಿ ಬರೆಯುತ್ತಾರೆ. ಅದರ ಅವಧಿ 7 ದಿನ ಮಾತ್ರ.

ಔಷಧ ಕೊಡುವ ಕೌಂಟರಿನಲ್ಲಿ ನಿಂತಿರುವ ನಾವು ಗಲ್ಫ್ ಕನ್ನಡಿಗರಿಗೆ ಹೇಳಬೇಕಾದ್ದು ಇಷ್ಟು. ರೂಮಿನ ಗೆಳೆಯ ಕೊಟ್ಟ ಗುಳಿಗೆ ನುಂಗಬೇಡಿ. ಊರಿನಿಂದ ಇಂಥ ಔಷಧ ತರುವ ಮೊದಲು, ಹೋಗುವ ದೇಶದ ಆರೋಗ್ಯ ಇಲಾಖೆಯ ನಿಯಮ ತಿಳಿದು ಅನುಮತಿ ಪಡೆಯಿರಿ. ಗೊತ್ತಿರಲಿಲ್ಲ ಎಂದರೆ ಕಾನೂನು ಕೇಳುವುದಿಲ್ಲ. ಅನುಮಾನವಿದ್ದರೆ ಇಲ್ಲೇ ಮನೋವೈದ್ಯರನ್ನು ಕಾಣಿ. ಆಗದಿದ್ದರೆ ರಜೆಯಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ಗೋ ಜಿಲ್ಲಾ ಆಸ್ಪತ್ರೆಗೋ ಹೋಗಿ.

ನಮ್ಮ ಹಳೆಯ ಮಾರ್ಕ್ಸ್ ಕಾರ್ಡಿನಲ್ಲಿ ಅಂಕಗಳಷ್ಟೇ ಇರುತ್ತವೆ, ಹುಡುಗ ಹೇಗಿದ್ದ ಎಂದು ಇರುವುದಿಲ್ಲ. ಆದ್ದರಿಂದ ಹೋಗುವಾಗ ಅಮ್ಮನನ್ನೋ ಅಕ್ಕನನ್ನೋ ಜೊತೆಗೆ ಕರೆದುಕೊಂಡು ಹೋಗಿ. ನಾವು ಚಿಕ್ಕವರಿದ್ದಾಗ ಹೇಗಿದ್ದೆವು ಎಂಬುದು ಅವರಿಗೆ ನೆನಪಿರುತ್ತದೆ.